ಕಲಿಯುವವರ ಅವಶ್ಯಕತೆ ಮತ್ತು ಶಾಲೆಯ ರೂಪಾಂತರ: ಡೆನ್ಮಾರ್ಕಿನ ಜನತಾ ವಿದ್ಯಾಪೀಠಗಳ ನಿದರ್ಶನ

೧

ಶಿಕ್ಷಣವು ವಿದ್ಯಾರ್ಥಿಗಳ ಅವಶ್ಯಕತೆಗೆ ತಕ್ಕಂತೆ ಮಾರ್ಪಡಬೇಕೆಂಬುದನ್ನು ಒಪ್ಪದವರು ವಿರಳ. ಆದರೆ ಅವಶ್ಯಕತೆಯೆಂದರೆ ಏನು, ಅದನ್ನು ನಿರ್ಣಯಿಸತಕ್ಕವರು ಯಾರು ಎಂಬ ಪ್ರಶ್ನೆಗಳು ಎದ್ದೊಡನೆ ಆ ಒಮ್ಮತ ಮುರಿಯುತ್ತದೆ. ರೈತನ ಮಗನಿಗೆ ಬೇಕಾದುದು ಒಳ್ಳೆಯ ಬೇಸಾಯದ ತಿಳಿವಳಿಕೆಯೋ, ಚರಿತ್ರೆ ಸಾಹಿತ್ಯಗಳೋ? ಅವನ ಬದುಕಿಗೆ ಹತ್ತಿರವಾದುದನ್ನು ಮಾತ್ರ ಕಲಿಸಹೊರಟರೆ ಅವನನ್ನು ಹುಟ್ಟಿದ ಕಸುಬಿಗೇ ಕಟ್ಟಿಹಾಕಿದಂತಾಗುವುದು. ಬದುಕಿನಿಂದ ದೂರವಾದುದನ್ನು ಕಲಿಸಿದರೆ ವಿದ್ಯೆ ನಾಲಗೆಯ ಮೇಲೆ ಮಾತ್ರ ನಿಲ್ಲುವುದು. ಈ ಇಕ್ಕಟ್ಟು ನಮ್ಮ ಕಾಲಕ್ಕೆ ಮೀಸಲಾದುದಲ್ಲ. ಹತ್ತೊಂಬತ್ತನೆಯ ಶತಮಾನದ ಡೆನ್ಮಾರ್ಕಿನಲ್ಲಿ ಕೆಲವರು ಶಿಕ್ಷಕರು ಇದನ್ನು ಎದುರಿಸಿ ಒಂದು ಹೊಸ ಬಗೆಯ ಶಾಲೆಯನ್ನೇ ನಿರ್ಮಿಸಿದರು. ಅದರ ಡೇನಿಷ್ ಹೆಸರನ್ನು ಮಾತಿಗೆ ಮಾತಾಗಿ ತಿರುಗಿಸಿದರೆ ‘ಜನರ ಉನ್ನತ ಶಾಲೆ’ ಎಂದಾಗುತ್ತದೆ. ನಮ್ಮಲ್ಲಿ ಅದರ ಮಾದರಿಯಲ್ಲಿ ಹುಟ್ಟಿದ ಸಂಸ್ಥೆಗಳು ವಿದ್ಯಾಪೀಠಗಳೆಂದು ಹೆಸರಾದುದರಿಂದ, ಅದನ್ನು ಇಲ್ಲಿ ಜನತಾ ವಿದ್ಯಾಪೀಠವೆಂದು ಕರೆಯಲಾಗಿದೆ.

ಆ ಶಾಲೆಗಳ ಪೂರ್ಣ ಚರಿತ್ರೆಯನ್ನು ಹೇಳುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಅವುಗಳನ್ನು ನಡೆಸಿದವರು ಕಲಿಯುವವರ ಅವಶ್ಯಕತೆಯನ್ನು ಹೇಗೆ ಗುರುತಿಸಿದರು, ಅದಕ್ಕಾಗಿ ಶಾಲೆಯಲ್ಲಿ ಏನೇನನ್ನು ಬದಲಾಯಿಸಿದರು, ಏನನ್ನು ಬದಲಾಯಿಸದೆ ಉಳಿಸಿಕೊಂಡರು ಎಂಬಷ್ಟನ್ನೇ ಇಲ್ಲಿ ಪರಿಶೀಲಿಸಲಾಗುವುದು.

೨

ಡೆನ್ಮಾರ್ಕಿನ ರೈತರು ೧೭೮೮ರವರೆಗೆ ಹುಟ್ಟಿದ ಜಮೀನ್ದಾರಿಯನ್ನು ಬಿಟ್ಟು ಹೋಗಲು ಸ್ವಾತಂತ್ರ್ಯವಿಲ್ಲದವರಾಗಿದ್ದರು. ಆ ವರ್ಷ ಈ ಬಂಧನವನ್ನು ಕ್ರಮಕ್ರಮವಾಗಿ ರದ್ದುಗೊಳಿಸುವ ಶಾಸನ ಹೊರಟಿತು. ೧೮೧೪ರಲ್ಲಿ ಏಳನೆಯ ವಯಸ್ಸಿನಿಂದ ಸುಮಾರು ಹದಿನಾಲ್ಕರವರೆಗೆ ಎಲ್ಲ ಮಕ್ಕಳಿಗೂ ಶಿಕ್ಷಣ ಕಡ್ಡಾಯವಾಯಿತು. ೧೮೩೦ರ ದಶಕದಲ್ಲಿ ಅರಸನಿಗೆ ಸಲಹೆ ಕೊಡುವ ಪ್ರಾಂತೀಯ ಸಭೆಗಳು ಏರ್ಪಟ್ಟು, ಅವುಗಳಲ್ಲಿ ರೈತರ ಪ್ರತಿನಿಧಿಗಳಿಗೂ ಸ್ಥಾನ ದೊರೆಯಿತು. ೧೮೪೯ರ ಜೂನ್ ೫ರಂದು ಜಾರಿಗೆ ಬಂದ ಸಂವಿಧಾನವು ಸ್ವಂತ ಮನೆವಾರ್ತೆಯುಳ್ಳ, ಮೂವತ್ತು ವರ್ಷ ತುಂಬಿದ ಗಂಡಸರಿಗೆ ಮತಾಧಿಕಾರವನ್ನು ಕೊಟ್ಟಿತು. ಹೀಗೆ ಎರಡು ತಲೆಮಾರುಗಳ ಅವಧಿಯಲ್ಲಿ ಜೀತದಾಳಿಗಿಂತ ಸ್ವಲ್ಪ ಮೇಲಾಗಿದ್ದವನು ರಾಜ್ಯದ ಆಡಳಿತದಲ್ಲಿ ಮಾತಾಡಬೇಕಾದ ಪ್ರಜೆಯಾದನು.

ಶಾಲೆ ಮಾತ್ರ ಈ ವೇಗದಲ್ಲಿ ಮಾರ್ಪಡಲಿಲ್ಲ. ಹಳ್ಳಿಯ ಶಾಲೆಯಲ್ಲಿ ಮಕ್ಕಳು ಧರ್ಮಬೋಧೆಯ ಪ್ರಶ್ನೋತ್ತರಗಳನ್ನು ಕಂಠಪಾಠ ಮಾಡುತ್ತಿದ್ದರು. ಅದರಿಂದ ಮೇಲಕ್ಕೆ ಇದ್ದುದು ಪಟ್ಟಣದ ಲ್ಯಾಟಿನ್ ಶಾಲೆ. ಅದು ಪಾದ್ರಿಗಳನ್ನೂ ಅಧಿಕಾರಿಗಳನ್ನೂ ಸಿದ್ಧಪಡಿಸುತ್ತಿದ್ದಿತು. ಅಲ್ಲಿಗೆ ಸೇರಿದ ರೈತನ ಮಗ ಹಳ್ಳಿಗೆ ಹಿಂದಿರುಗುವ ಸಂಭವ ಕಡಮೆ. ಎಂದರೆ, ಹಳ್ಳಿಯಲ್ಲಿಯೇ ಉಳಿದು ಸಾರ್ವಜನಿಕ ಜೀವನದಲ್ಲಿ ಪಾಲ್ಗೊಳ್ಳತಕ್ಕ ಯುವಕನಿಗೆ ಶಾಲೆಯೇ ಇರಲಿಲ್ಲ.

ಈ ಕೊರತೆಯನ್ನು ಮೊದಲು ಸ್ಪಷ್ಟವಾಗಿ ನುಡಿದವನು ಎನ್. ಎಫ್. ಎಸ್. ಗ್ರುಂಟ್ವಿಗ್ (೧೭೮೩–೧೮೭೨). ಪಾದ್ರಿಯೂ ಕವಿಯೂ ಚರಿತ್ರಕಾರನೂ ಆಗಿದ್ದ ಈತನು ೧೮೨೯ರಿಂದ ೧೮೩೧ರವರೆಗೆ ಮೂರು ಬೇಸಗೆಗಳಲ್ಲಿ ಇಂಗ್ಲೆಂಡಿಗೆ ಹೋಗಿ ಬಂದನು. ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಒಂದೆಡೆ ವಾಸಮಾಡಿ, ಊಟಮಾಡಿ, ಮಾತನಾಡುತ್ತಿದ್ದುದು ಅವನ ಮನಸ್ಸನ್ನು ಸೆಳೆಯಿತು. ಲ್ಯಾಟಿನ್ ಭಾಷೆ, ಬಾಯಿಪಾಠ, ಪರೀಕ್ಷೆ ಈ ಮೂರನ್ನೂ ಬಿಟ್ಟು, ಮಾತೃಭಾಷೆಯಲ್ಲಿ, ಬಾಯಿಮಾತಿನ ಮೂಲಕ, ದೇಶದ ಚರಿತ್ರೆ ಮತ್ತು ಕಾವ್ಯಗಳನ್ನು ಮುಂದಿಟ್ಟುಕೊಂಡು ನಡೆಯುವ ಶಾಲೆಯೊಂದು ಬೇಕೆಂದು ಅವನು ಬರೆದನು. ಸೋರೊ ಪಟ್ಟಣದ ಹಳೆಯ ವಿದ್ಯಾಸಂಸ್ಥೆಯನ್ನು ಇಂಥ ಶಾಲೆಯಾಗಿ ಮಾರ್ಪಡಿಸುವ ಯೋಜನೆಗೆ ಎಂಟನೆಯ ಕ್ರಿಸ್ಟಿಯನ್ ಅರಸನು ೧೮೪೭ರಲ್ಲಿ ಸಮ್ಮತಿಯಿತ್ತನು. ಆದರೆ ೧೮೪೮ರ ಆರಂಭದಲ್ಲಿ ಅರಸನು ತೀರಿಹೋದುದರಿಂದ ಅದು ಕೈಬಿಟ್ಟುಹೋಯಿತು. ಗ್ರುಂಟ್ವಿಗ್‌ನು ಸ್ವತಃ ಒಂದು ಜನತಾ ವಿದ್ಯಾಪೀಠವನ್ನೂ ನಡೆಸಿದವನಲ್ಲ. ವಿಚಾರವು ಅವನದು, ಅದನ್ನು ಮಾಡಿ ತೋರಿಸಿದವರು ಬೇರೆಯವರು.

೩

ಮೊದಲನೆಯ ವಿದ್ಯಾಪೀಠವು ೧೮೪೪ರ ನವೆಂಬರ್ ೭ರಂದು ಉತ್ತರ ಶ್ಲೆಸ್ವಿಗ್ ಪ್ರಾಂತದ ರೋಡಿಂಗ್ ಎಂಬ ಹಳ್ಳಿಯಲ್ಲಿ ಆರಂಭವಾಯಿತು. ಡೇನಿಷ್ ಮತ್ತು ಜರ್ಮನ್ ಭಾಷೆಗಳ ನಡುವೆ ತಿಕ್ಕಾಟವಿದ್ದ ಗಡಿನಾಡು ಅದು. ಕೀಲ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಕ್ರಿಸ್ಟಿಯನ್ ಫ್ಲೋರ್ ಇದರ ಹಿಂದಿದ್ದ ಮುಖ್ಯ ಪ್ರೇರಕ. ಅಲ್ಲಿನ ರೈತರಿಗೆ ತಮ್ಮ ಭಾಷೆಯಲ್ಲಿ ಉನ್ನತ ವಿದ್ಯೆ ದೊರೆಯಬೇಕೆಂಬುದು ಅವನ ಆಶಯ.

ಆದರೆ ಶಾಲೆಯ ರೂಪವನ್ನು ನಿರ್ಧರಿಸಿದವನು ಕ್ರಿಸ್ಟೆನ್ ಕೋಲ್ಡ್ (೧೮೧೬–೧೮೭೦) ಎಂಬ ಶಿಕ್ಷಕ. ಈತನು ಜಟ್ಲೆಂಡಿನ ಥಿಸ್ಟೆಡ್ ಪಟ್ಟಣದಲ್ಲಿ ಜೋಡು ಹೊಲಿಯುವವನೊಬ್ಬನ ಮಗ. ಧರ್ಮಪಾಠವನ್ನು ಕಂಠಪಾಠ ಮಾಡಿಸದೆ ಕಥೆಯಾಗಿ ಹೇಳುತ್ತೇನೆಂದು ಹಟ ಹಿಡಿದುದರಿಂದ ಅವನಿಗೂ ಶಾಲಾಧಿಕಾರಿಗಳಿಗೂ ಸರಿಹೋಗಲಿಲ್ಲ. ಕೆಲವು ವರ್ಷ ಪಾದ್ರಿಯೊಬ್ಬನ ಜತೆಗೆ ತುರ್ಕಿಯ ಸ್ಮಿರ್ನಾ ನಗರದಲ್ಲಿದ್ದು ಹಿಂದಿರುಗಿದ ಬಳಿಕ, ೧೮೫೧ರಲ್ಲಿ ಫ್ಯೂನ್ ದ್ವೀಪದ ರಿಸ್ಲಿಂಗೆ ಗ್ರಾಮದಲ್ಲಿ ಹದಿನೈದು ಮಂದಿ ವಿದ್ಯಾರ್ಥಿಗಳಿಂದ ತನ್ನ ಶಾಲೆಯನ್ನು ಆರಂಭಿಸಿದನು.

ಕೋಲ್ಡನು ಮಾಡಿದ ಮಾರ್ಪಾಡುಗಳನ್ನು ಒಂದೊಂದಾಗಿ ಗಮನಿಸಬೇಕು. ಮೊದಲನೆಯದು ಕಾಲ. ಹೊಲದ ಕೆಲಸ ಮುಗಿದ ನವೆಂಬರ್ ತಿಂಗಳಲ್ಲಿ ಶಾಲೆ ತೆರೆದು ವಸಂತದ ಉಳುಮೆಗೆ ಮುಂಚೆ ಮುಚ್ಚುತ್ತಿದ್ದಿತು. ರೈತನು ಮಗನನ್ನು ಕಳುಹಿಸಲಾರೆನೆಂದು ಹೇಳುವುದಕ್ಕಿದ್ದ ಮುಖ್ಯ ಕಾರಣವೇ ಇದರಿಂದ ತಪ್ಪಿತು. ಮುಂದೆ ಶಾಲೆಯು ಡಾಲುಮ್ ಗ್ರಾಮಕ್ಕೆ ಬಂದ ಮೇಲೆ, ೧೮೬೩ರಿಂದ ಬೇಸಗೆಯಲ್ಲಿ ತರುಣಿಯರಿಗೆ ಪ್ರತ್ಯೇಕ ಶಿಕ್ಷಣ ನಡೆಯಿತು.

ಎರಡನೆಯದು ವಯಸ್ಸು. ಪ್ರಾಥಮಿಕ ಶಾಲೆ ಬಿಟ್ಟೊಡನೆ, ಹದಿನಾಲ್ಕು ಹದಿನೈದರ ಹುಡುಗರನ್ನು ಸೇರಿಸಿಕೊಳ್ಳಬೇಕೆಂಬುದು ಕೋಲ್ಡನ ಮೊದಲ ಅಭಿಪ್ರಾಯ. ಹದಿನೆಂಟಾಗದವರಿಗೆ ಈ ಶಿಕ್ಷಣ ಹಿಡಿಸದೆಂಬುದು ಗ್ರುಂಟ್ವಿಗ್‌ನ ಮತ. ಪಾಠ ಹೇಳಿ ನೋಡಿದ ಬಳಿಕ ಕೋಲ್ಡನು ಗ್ರುಂಟ್ವಿಗ್‌ನ ಅಭಿಪ್ರಾಯಕ್ಕೇ ಬಂದನು. ಜೀವನದ ಪ್ರಶ್ನೆಗಳು ಇನ್ನೂ ಎದುರಾಗದವರಿಗೆ ಅವುಗಳ ಉತ್ತರವನ್ನು ಹೇಳಿ ಫಲವಿಲ್ಲವೆಂಬುದು ಇದರ ಅರ್ಥ.

ಮೂರನೆಯದು ಜೀವನಕ್ರಮ. ಕೋಲ್ಡನು ರೈತರಂತೆಯೇ ನಾಟಿ ಬಟ್ಟೆಯನ್ನು ತೊಡುತ್ತಿದ್ದನು. ವಿದ್ಯಾರ್ಥಿಗಳೊಡನೆ ಉಂಡು, ಅವರು ಮಲಗುವ ಅಟ್ಟದಲ್ಲಿಯೇ ಮಲಗುತ್ತಿದ್ದನು. ಶಾಲೆಗೆ ಬಂದ ಯುವಕನು ಹಿಂದಿರುಗುವಾಗ ತನ್ನ ಮನೆಯ ಊಟ, ಉಡುಪು, ಕೆಲಸಗಳನ್ನು ಕೀಳೆಂದು ಎಣಿಸಬಾರದೆಂಬ ಎಚ್ಚರಿಕೆ ಇದರಲ್ಲಿ ಅಡಗಿದ್ದಿತು. ನಾಲ್ಕನೆಯದು ವಿಧಾನ. ಕಥನ, ಸಂಭಾಷಣೆ, ಹಾಡು ಇವೇ ಮುಖ್ಯ ಸಾಧನಗಳು. ಪರೀಕ್ಷೆಯೂ ಇಲ್ಲ, ಪ್ರಶಸ್ತಿಪತ್ರವೂ ಇಲ್ಲ.

ಇಲ್ಲಿ ಒಂದು ವಿಶೇಷವನ್ನು ಗುರುತಿಸಬೇಕು. ಕಾಲ, ವಯಸ್ಸು, ವಾಸ, ವಿಧಾನ ಎಲ್ಲವೂ ರೈತನ ಬದುಕಿಗೆ ಹೊಂದಿಕೊಂಡುವು. ಆದರೆ ಕಲಿಸಿದ ವಿಷಯವು ರೈತನ ಕಸುಬಿಗೆ ಮಾತ್ರ ಸೀಮಿತವಾಗಲಿಲ್ಲ. ಬೈಬಲ್ಲಿನ ಕಥೆ, ಜಗತ್ತಿನ ಚರಿತ್ರೆ, ನಾರ್ಡಿಕ್ ಪುರಾಣ, ಭೂಗೋಳ ಇವುಗಳಿಗೆ ಅಲ್ಲಿ ಪ್ರಧಾನ ಸ್ಥಾನವಿದ್ದಿತು. ಐದು ತಿಂಗಳ ಬಿಡುವನ್ನು ಇಂಥ ವಿಷಯಗಳಿಗೆ ಕೊಡುವುದಕ್ಕಿಂತ ಲೆಕ್ಕ, ಅಳತೆ, ಬೇಸಾಯಗಳಿಗೆ ಕೊಡುವುದು ಮೇಲಲ್ಲವೆ ಎಂಬ ವಾದವು ಆ ಕಾಲದಲ್ಲಿಯೂ ಇದ್ದಿತು. ಮತ ಹಾಕಬೇಕಾದವನಿಗೆ, ಸಭೆಯಲ್ಲಿ ಎದ್ದು ನಿಲ್ಲಬೇಕಾದವನಿಗೆ, ತಾನೂ ಒಂದು ಚರಿತ್ರೆಯ ವಾರಸುದಾರನೆಂಬ ಅರಿವು ನೇಗಿಲಿನಷ್ಟೇ ಅವಶ್ಯಕವೆಂಬುದು ಕೋಲ್ಡನ ಶಾಲೆಯು ನಡೆದುಕೊಂಡ ರೀತಿಯಿಂದ ದೊರೆಯುವ ಉತ್ತರ.

೪

೧೮೬೪ರ ಯುದ್ಧದಲ್ಲಿ ಡೆನ್ಮಾರ್ಕು ಪ್ರಷ್ಯಾ ಆಸ್ಟ್ರಿಯಾಗಳಿಗೆ ಸೋತು ಶ್ಲೆಸ್ವಿಗ್, ಹೋಲ್‌ಸ್ಟೈನ್, ಲಾವೆನ್‌ಬುರ್ಗ್ ಪ್ರಾಂತಗಳನ್ನು ಕಳೆದುಕೊಂಡಿತು. ರೋಡಿಂಗ್ ಗ್ರಾಮವು ಗಡಿಯ ಆಚೆಗೆ ಉಳಿಯಿತು. ಅದರ ಮುಖ್ಯೋಪಾಧ್ಯಾಯನಾಗಿದ್ದ ಲೂಡ್ವಿಗ್ ಶ್ರೋಡರ್ ೧೮೬೫ರಲ್ಲಿ ಹೊಸ ಗಡಿಯ ಈಚೆಗೆ, ಸಮೀಪದಲ್ಲಿಯೇ ಇದ್ದ ಆಸ್ಕೊವ್ ಎಂಬಲ್ಲಿ ಶಾಲೆಯನ್ನು ಮತ್ತೆ ಕಟ್ಟಿದನು. ಸೋಲಿನ ಅನಂತರದ ವರ್ಷಗಳಲ್ಲಿ ಇಂಥ ಶಾಲೆಗಳು ದೇಶದ ನಾನಾ ಕಡೆಗಳಲ್ಲಿ ಹುಟ್ಟಿದುವು.

ಅಷ್ಟರಲ್ಲಿ ರೈತನ ಬದುಕೂ ಬದಲಾಗತೊಡಗಿತು. ೧೮೭೦ರ ದಶಕದಿಂದ ಅಮೆರಿಕ ಮತ್ತು ರಷ್ಯಗಳ ಅಗ್ಗದ ಧಾನ್ಯವು ಯೂರೋಪಿನ ಪೇಟೆಗೆ ಬಂದು ಬೆಲೆಗಳು ಕುಸಿದುವು. ಡೇನಿಷ್ ರೈತರು ಧಾನ್ಯವನ್ನು ಮಾರುವುದನ್ನು ಬಿಟ್ಟು ಹಾಲು, ಬೆಣ್ಣೆ, ಹಂದಿಮಾಂಸಗಳ ಕಡೆಗೆ ತಿರುಗಿದರು. ೧೮೮೨ರಲ್ಲಿ ಪಶ್ಚಿಮ ಜಟ್ಲೆಂಡಿನ ಹೆಡ್ಡಿಂಗ್ ಗ್ರಾಮದಲ್ಲಿ ಮೊದಲನೆಯ ಸಹಕಾರಿ ಹಾಲಿನ ಕಾರ್ಖಾನೆ ಆರಂಭವಾಯಿತು. ೧೮೮೭ರಲ್ಲಿ ಹೋರ್ಸೆನ್ಸ್ ಪಟ್ಟಣದಲ್ಲಿ ಹಂದಿಮಾಂಸದ ಸಹಕಾರಿ ಕಾರ್ಖಾನೆ. ಈ ಸಂಘಗಳಲ್ಲಿ ಮತವನ್ನು ಎಣಿಸುತ್ತಿದ್ದುದು ಸದಸ್ಯರ ತಲೆಗಳ ಮೇಲೆ, ಅವರ ಹಸುಗಳ ಮೇಲಲ್ಲ.

ಶಾಲೆಗಳಿಗೆ ಇದು ಎರಡನೆಯ ಪರೀಕ್ಷೆ. ಕೆಲವು ಸಂಸ್ಥೆಗಳು ನೇರವಾಗಿ ಕಸುಬಿನ ಕಡೆಗೆ ಹೊರಳಿದುವು. ಕೋಲ್ಡನ ಡಾಲುಮ್ ಶಾಲೆಯೇ ೧೮೮೬ರಲ್ಲಿ ವ್ಯವಸಾಯ ಶಾಲೆಯಾಯಿತು. ಆಸ್ಕೊವ್ ಬೇರೊಂದು ದಾರಿಯನ್ನು ಹಿಡಿಯಿತು. ಒಂದು ಚಳಿಗಾಲದ ಕಲಿಕೆಯಿಂದ ತೃಪ್ತರಾಗದೆ ಮತ್ತೆ ಬರುವವರಿಗಾಗಿ ಶ್ರೋಡರನು ೧೮೭೮ರಲ್ಲಿ ವಿಸ್ತೃತ ಶಿಕ್ಷಣಕ್ರಮವನ್ನು ಏರ್ಪಡಿಸಿ, ಅದೇ ವರ್ಷ ಪೌಲ್ ಲಾ ಕೂರ್ (೧೮೪೬–೧೯೦೮) ಎಂಬ ವಿಜ್ಞಾನಿಯನ್ನು ಅಧ್ಯಾಪಕನಾಗಿ ಕರೆತಂದನು.

ಲಾ ಕೂರ್‌ನ ಎದುರಿಗೆ ಕುಳಿತಿದ್ದವರು ಹಳ್ಳಿಯ ಶಾಲೆಗಿಂತ ಹೆಚ್ಚು ಓದದ, ಆದರೆ ಬುದ್ಧಿ ಬಲಿತ ಯುವಕರು. ಸೂತ್ರಗಳನ್ನು ಕೊಟ್ಟು ಲೆಕ್ಕ ಮಾಡಿಸುವ ಕ್ರಮವು ಅವರಿಗೆ ಮತ್ತೊಂದು ಕಂಠಪಾಠವಾಗುತ್ತಿದ್ದಿತು. ಆದುದರಿಂದ ಅವನು ಗಣಿತವನ್ನು ಅದರ ಚರಿತ್ರೆಯ ಕ್ರಮದಲ್ಲಿ ಕಲಿಸಿದನು. ಪ್ರಾಚೀನರಿಗೆ ಎದುರಾದ ಸಮಸ್ಯೆ ಯಾವುದು, ಅವರು ಅದನ್ನು ಹೇಗೆ ಬಿಡಿಸಿದರು, ಅಲ್ಲಿಂದ ಯಾವ ಹೊಸ ಸಮಸ್ಯೆ ಹುಟ್ಟಿತು ಎಂದು ಪಾಠವು ಮುಂದುವರಿಯುತ್ತಿದ್ದಿತು. ಈ ವಿಧಾನದ ಮೇಲೆ ಅವನು ಬರೆದ ‘ಐತಿಹಾಸಿಕ ಗಣಿತ’ವು ೧೮೮೧ರಲ್ಲಿ ಹೊರಬಂದಿತು. ಇದು ವಿಷಯವನ್ನು ಸುಲಭಗೊಳಿಸಿದ್ದಲ್ಲ, ದಾರಿಯನ್ನು ಬದಲಾಯಿಸಿದ್ದು ಎಂಬುದು ನಮ್ಮಂಥ ಅಧ್ಯಾಪಕರು ಮನಗಾಣಬೇಕಾದ ಸಂಗತಿ. ಕಲಿಯುವವನ ಪೂರ್ವಸಿದ್ಧತೆ ಕಡಮೆಯೆಂದು ಗುರಿಯನ್ನು ತಗ್ಗಿಸುವುದೇ ಸುಲಭೋಪಾಯ. ಗುರಿಯನ್ನು ಹಾಗೆಯೇ ಇಟ್ಟು ಮೆಟ್ಟಲುಗಳನ್ನು ಹೆಚ್ಚಿಸುವುದು ಶ್ರಮದ ಕೆಲಸ.

ಲಾ ಕೂರ್ ಇಷ್ಟಕ್ಕೆ ನಿಲ್ಲಲಿಲ್ಲ. ವಿದ್ಯುಚ್ಛಕ್ತಿಯ ಸೌಲಭ್ಯವು ಪಟ್ಟಣಗಳಿಗೆ ಮಾತ್ರ ದೊರೆತರೆ ಹಳ್ಳಿಗಳು ಹಿಂದೆ ಬೀಳುವುವೆಂದು ಅವನು ಕಂಡನು. ಡೆನ್ಮಾರ್ಕಿನಲ್ಲಿ ಕಲ್ಲಿದ್ದಲಿಲ್ಲ, ಗಾಳಿಗೆ ಕೊರತೆಯಿಲ್ಲ. ೧೮೯೧ರಲ್ಲಿ ಸರಕಾರದ ಧನಸಹಾಯದಿಂದ ಆಸ್ಕೊವ್‌ನಲ್ಲಿ ಗಾಳಿಯಂತ್ರವೊಂದನ್ನು ಕಟ್ಟಿ ವಿದ್ಯುತ್ತನ್ನು ಉತ್ಪಾದಿಸಿದನು. ಗಾಳಿಯಿಲ್ಲದ ಹೊತ್ತಿಗೆ ಶಕ್ತಿಯನ್ನು ಕೂಡಿಡಲು ಆ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ ಜಲಜನಕವನ್ನು ಶೇಖರಿಸಿದನು. ಕೆಲವು ವರ್ಷ ಶಾಲೆಯ ದೀಪಗಳು ಈ ಅನಿಲದಿಂದಲೇ ಉರಿದುವು. ೧೯೦೪ರಿಂದ ಹಳ್ಳಿಗಳಿಗೆ ಬೇಕಾದ ವಿದ್ಯುತ್ ಕೆಲಸಗಾರರ ತರಬೇತಿಯೂ ಅಲ್ಲಿ ನಡೆಯಿತು. ಆ ತರಬೇತಿಯನ್ನು ಪಡೆದ ಯೋಹಾನೆಸ್ ಯೂಲ್ ಎಂಬವನೇ ಮುಂದೆ ೧೯೫೭ರಲ್ಲಿ ಗೆಡ್ಸರ್ ಎಂಬಲ್ಲಿ ನಿಲ್ಲಿಸಿದ ಗಾಳಿಯಂತ್ರವು ಆಧುನಿಕ ಗಾಳಿಯಂತ್ರಗಳಿಗೆ ಮಾದರಿಗಳಲ್ಲೊಂದಾಯಿತು. ಹೀಗೆ ಒಂದೇ ಸಂಸ್ಥೆಯಲ್ಲಿ ಚರಿತ್ರೆಯೂ ಕಸುಬೂ ಪರಸ್ಪರ ವಿರೋಧವಿಲ್ಲದೆ ನೆಲೆಗೊಂಡುವು.

೫

ಇಷ್ಟನ್ನು ಹೇಳಿದ ಮೇಲೆ, ಈ ಶಾಲೆಗಳಿಗೆ ಸಲ್ಲದ ಕೀರ್ತಿಯನ್ನು ಸಲ್ಲಿಸದಿರುವುದು ಚರಿತ್ರೆಯ ವಿದ್ಯಾರ್ಥಿಗಳ ಕರ್ತವ್ಯ. ಡೆನ್ಮಾರ್ಕಿನ ಸಹಕಾರ ಚಳುವಳಿಯು ಪೂರ್ತಿಯಾಗಿ ವಿದ್ಯಾಪೀಠಗಳ ಕೂಸೆಂದು ಹೇಳುವ ವಾಡಿಕೆಯುಂಟು. ಕೆನೆಯನ್ನು ಬೇರ್ಪಡಿಸುವ ಯಂತ್ರದ ಆವಿಷ್ಕಾರ, ಇಂಗ್ಲೆಂಡಿನ ವಿಶಾಲವಾದ ಪೇಟೆ, ಭೂಸುಧಾರಣೆಯಿಂದ ಬೆಳೆದ ಸ್ವತಂತ್ರ ರೈತರ ವರ್ಗ, ೧೮೧೪ರಿಂದ ಹರಡಿದ ಅಕ್ಷರಜ್ಞಾನ, ಇವೆಲ್ಲವೂ ಅದಕ್ಕೆ ಕಾರಣಗಳು. ಹಳ್ಳಿಯ ತರುಣರಲ್ಲಿ ವಿದ್ಯಾಪೀಠಕ್ಕೆ ಹೋದವರು ಅಲ್ಪಸಂಖ್ಯಾತರೇ. ಬೇರೆ ಬೇರೆ ಮನೆಗಳ ಯುವಕರು ಒಂದೆಡೆ ಕುಳಿತು ಮಾತನಾಡುವ, ಒಬ್ಬರನ್ನೊಬ್ಬರು ನಂಬುವ ಅಭ್ಯಾಸವನ್ನು ಶಾಲೆಗಳು ಬೆಳೆಸಿದುವು, ಸಹಕಾರಕ್ಕೆ ಅದು ನೆರವಾಯಿತು ಎಂದು ಹೇಳಿದರೆ ಸಾಕು.

ಎರಡನೆಯ ಮಿತಿಯು ಇನ್ನೂ ಮುಖ್ಯವಾದುದು. ಈ ಶಾಲೆಗಳು ಯಾರ ಅವಶ್ಯಕತೆಗೆ ಹೊಂದಿಕೊಂಡುವು? ಹೆಚ್ಚಾಗಿ, ಸ್ವಂತ ಜಮೀನುಳ್ಳ ರೈತರ ಮಕ್ಕಳ ಅವಶ್ಯಕತೆಗೆ. ಕೂಲಿಯವನಿಗೂ ತುಂಡುಭೂಮಿಯ ಒಡೆಯನಿಗೂ ಐದು ತಿಂಗಳ ಖರ್ಚು ಹೊರೆಯಾಗಿದ್ದಿತು. ಕಣ್ಣೆದುರಿಗೆ ಕುಳಿತ ವಿದ್ಯಾರ್ಥಿಯ ಅಗತ್ಯವನ್ನು ಎಷ್ಟು ಸೂಕ್ಷ್ಮವಾಗಿ ಅರಿತ ಶಿಕ್ಷಕನೂ ಬಾಗಿಲಿನವರೆಗೆ ಬರಲಾರದವನನ್ನು ಕಾಣದೆ ಹೋಗಬಹುದು. ಬಡ ವಿದ್ಯಾರ್ಥಿಗಳಿಗೆ ಸರಕಾರದಿಂದ ದೊರೆತ ಸಹಾಯ, ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಸಣ್ಣ ಹಿಡುವಳಿದಾರರಿಗಾಗಿ ಹುಟ್ಟಿದ ಶಾಲೆಗಳು, ೧೯೧೦ರಲ್ಲಿ ಎಸ್ಬ್ಯರ್ಗ್ ಪಟ್ಟಣದಲ್ಲಿ ಆರಂಭವಾದ ಕಾರ್ಮಿಕರ ವಿದ್ಯಾಪೀಠ, ಇವು ಈ ಲೋಪವನ್ನು ತಡವಾಗಿಯಾದರೂ ತುಂಬಲು ನಡೆದ ಪ್ರಯತ್ನಗಳು.

ಎರಡನೆಯ ಮಹಾಯುದ್ಧದ ಅನಂತರ ಹಳ್ಳಿಗಳ ಜನಸಂಖ್ಯೆ ಇಳಿಮುಖವಾಗಿ, ಯಾರಿಗಾಗಿ ಶಾಲೆಗಳು ಹುಟ್ಟಿದ್ದುವೋ ಆ ರೈತ ಯುವಕರೇ ವಿರಳರಾದರು. ಆದರೂ ಶಾಲೆಗಳು ಅಳಿಯಲಿಲ್ಲ. ಪಟ್ಟಣದ ತರುಣ ತರುಣಿಯರು ಬಂದರು. ಸಂಗೀತ, ಚಿತ್ರಕಲೆ, ವ್ಯಾಯಾಮ, ಪತ್ರಿಕೋದ್ಯಮ ಮುಂತಾದ ವಿಷಯಗಳು ಸೇರಿದುವು. ೧೯೨೦ರಲ್ಲಿ ಉತ್ತರ ಶ್ಲೆಸ್ವಿಗ್ ಮರಳಿ ಡೆನ್ಮಾರ್ಕಿಗೆ ಸೇರಿದ ಮೇಲೆ ಪುನಃ ಬಾಗಿಲು ತೆರೆದ ರೋಡಿಂಗ್ ಶಾಲೆಯೂ ಸೇರಿ ಇಂದು ಆ ದೇಶದಲ್ಲಿ ಎಪ್ಪತ್ತಕ್ಕೂ ಹೆಚ್ಚು ವಿದ್ಯಾಪೀಠಗಳಿವೆ. ವಿದ್ಯಾರ್ಥಿಗಳು ಬದಲಾದರು, ವಿಷಯಗಳು ಬದಲಾದುವು. ಒಟ್ಟಿಗೆ ವಾಸಿಸುವುದು, ಪರೀಕ್ಷೆಯ ಭಯವಿಲ್ಲದೆ ಕಲಿಯುವುದು, ಮಾತುಕತೆಯ ಮೂಲಕ ತಿಳಿಯುವುದು, ಈ ಮೂರು ಉಳಿದುವು.

೬

ನಮ್ಮ ನಾಡಿಗೂ ಈ ಶಾಲೆಗಳಿಗೂ ನೇರವಾದ ಒಂದು ಸಂಬಂಧವುಂಟು. ಮೈಸೂರು ಸಂಸ್ಥಾನದ ವಯಸ್ಕರ ಶಿಕ್ಷಣ ಸಮಿತಿಯು ೧೯೪೭ರಲ್ಲಿ ನಂಜನಗೂಡಿನಲ್ಲಿ ಆರಂಭಿಸಿದ ವಿದ್ಯಾಪೀಠವು ಡೆನ್ಮಾರ್ಕಿನ ಮಾದರಿಯಿಂದ ಪ್ರೇರಣೆಯನ್ನು ಪಡೆದುದು. ಹಳ್ಳಿಯ ಯುವಕರು ಕೆಲವು ತಿಂಗಳು ಒಂದೆಡೆ ವಾಸಿಸಿ, ಬೇಸಾಯ ಮತ್ತು ಕೈಕಸುಬುಗಳೊಂದಿಗೆ ಪ್ರಜಾಜೀವನದ ತಿಳಿವಳಿಕೆಯನ್ನೂ ಪಡೆದು ಊರಿಗೆ ಮರಳಬೇಕೆಂಬುದು ಅದರ ಆಶಯ.

ಇದಕ್ಕೆ ವಿರುದ್ಧವಾದ ನಿದರ್ಶನವೂ ನಮ್ಮ ನೆರೆಯಲ್ಲಿಯೇ ದೊರೆಯುತ್ತದೆ. ೧೯೫೩ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಸಿ. ರಾಜಗೋಪಾಲಾಚಾರಿಯವರು ಗ್ರಾಮಾಂತರ ಪ್ರಾಥಮಿಕ ಶಾಲೆಗಳ ವೇಳೆಯನ್ನು ದಿನಕ್ಕೆ ಮೂರು ಗಂಟೆಗಳಿಗೆ ಇಳಿಸಿ, ಉಳಿದ ಹೊತ್ತಿನಲ್ಲಿ ಮಕ್ಕಳು ತಂದೆತಾಯಿಗಳ ಕಸುಬನ್ನು ಕಲಿಯಬೇಕೆಂಬ ಯೋಜನೆಯನ್ನು ತಂದರು. ದಕ್ಷಿಣ ಕನ್ನಡ ಜಿಲ್ಲೆಯೂ ಆಗ ಆ ರಾಜ್ಯಕ್ಕೆ ಸೇರಿದ್ದಿತು. ಎರಡು ಪಾಳಿಗಳಲ್ಲಿ ಹೆಚ್ಚು ಮಕ್ಕಳಿಗೆ ಸ್ಥಳ ದೊರೆಯುವುದೆಂಬ ಸಮರ್ಥನೆ ಅದಕ್ಕಿದ್ದಿತು. ಹಳ್ಳಿಯ ಬದುಕಿಗೆ ಶಾಲೆಯನ್ನು ಹೊಂದಿಸುವ ಮಾತೂ ಇದ್ದಿತು. ಆದರೆ ಕಸುಬು ಜಾತಿಯನ್ನು ಅನುಸರಿಸುವ ಸಮಾಜದಲ್ಲಿ ಇದು ಕುಲಕ್ಕೆ ತಕ್ಕ ಶಿಕ್ಷಣವಾಗುವುದೆಂದು ತೀವ್ರವಾದ ವಿರೋಧ ಹುಟ್ಟಿ, ೧೯೫೪ರಲ್ಲಿ ಕಾಮರಾಜರ ಮಂತ್ರಿಮಂಡಲವು ಅದನ್ನು ಹಿಂತೆಗೆದುಕೊಂಡಿತು.

ಎರಡು ನಿದರ್ಶನಗಳಲ್ಲಿಯೂ ಶಾಲೆಯ ವೇಳೆಯು ಗ್ರಾಮಜೀವನಕ್ಕೆ ಹೊಂದಿಕೊಂಡಿತು. ವ್ಯತ್ಯಾಸವಿರುವುದು ಮಿಕ್ಕ ಸಮಯದ ವಿನಿಯೋಗದಲ್ಲಿ. ರಿಸ್ಲಿಂಗೆಯ ಶಾಲೆಗೆ ಬಂದವನು ಪ್ರಾಥಮಿಕ ಶಿಕ್ಷಣವನ್ನು ಮುಗಿಸಿ, ತಾನೇ ಬಯಸಿ ಬಂದ ಯುವಕ. ಅವನಿಗೆ ದೊರೆತುದು ತನ್ನ ಕಸುಬಿಗಿಂತ ವಿಶಾಲವಾದ ಲೋಕ. ಮದರಾಸಿನ ಯೋಜನೆಯಲ್ಲಿದ್ದುದು ಬೇರೆ ದಾರಿಯನ್ನು ಆರಿಸಿಕೊಳ್ಳಲಾರದ ಮಗು. ಅದಕ್ಕೆ ದೊರೆಯಬೇಕಾಗಿದ್ದ ಶಾಲೆಯ ಹೊತ್ತೇ ಕಡಮೆಯಾಯಿತು. ಅವಶ್ಯಕತೆಗೆ ತಕ್ಕ ಶಿಕ್ಷಣವೆಂಬ ಒಂದೇ ಮಾತು ಒಂದೆಡೆ ಬಾಗಿಲನ್ನು ತೆರೆಯಿತು, ಇನ್ನೊಂದೆಡೆ ಅರ್ಧ ಮುಚ್ಚಿತು.

ಈ ಚರಿತ್ರೆಯಿಂದ ಹೊರಡುವ ವಿವೇಕವನ್ನು ಹೀಗೆ ಸಂಗ್ರಹಿಸಬಹುದು. ಶಾಲೆಯ ಕಾಲ, ಸ್ಥಳ, ಭಾಷೆ, ವಿಧಾನಗಳು ವಿದ್ಯಾರ್ಥಿಯು ಈಗ ಇರುವ ಸ್ಥಿತಿಗೆ ಹೊಂದಿಕೊಳ್ಳಬೇಕು. ಶಾಲೆಯ ಗುರಿಯು ಅವನು ಮುಂದೆ ಆಗಬಹುದಾದ ಸ್ಥಿತಿಗೆ ಹೊಂದಿಕೊಳ್ಳಬೇಕು. ಈ ಎರಡನ್ನು ಅದಲುಬದಲು ಮಾಡಿದಾಗ ಅನರ್ಥವಾಗುತ್ತದೆ. ಇಂದು ನಮ್ಮ ಕಾಲೇಜುಗಳಿಗೆ ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಉನ್ನತ ಶಿಕ್ಷಣಕ್ಕೆ ಕಾಲಿಟ್ಟವರು ಬರುತ್ತಿದ್ದಾರೆ. ಬೆಳಿಗ್ಗೆ ಅಥವಾ ರಾತ್ರಿ ದುಡಿದು ಓದುವವರು ಬರುತ್ತಿದ್ದಾರೆ. ಕನ್ನಡದಲ್ಲಿ ಓದಿ ಬಂದು ಇಂಗ್ಲಿಷಿನ ಪಾಠದೆದುರು ಮೌನವಾಗಿ ಕುಳಿತುಕೊಳ್ಳುವವರಿದ್ದಾರೆ. ಇವರಿಗಾಗಿ ವೇಳಾಪಟ್ಟಿಯನ್ನು ಹಿಂದುಮುಂದು ಮಾಡುವುದು, ಪಾಠದ ಭಾಷೆಯನ್ನು ಅವರ ಬಳಿಗೆ ತರುವುದು, ವಿವರಣೆಯ ಮೆಟ್ಟಲುಗಳನ್ನು ಹೆಚ್ಚಿಸುವುದು, ಇವೆಲ್ಲ ಅಧ್ಯಾಪಕರ ಮತ್ತು ಪ್ರಾಂಶುಪಾಲರ ಕೈಯಳತೆಯಲ್ಲಿರುವ ಕೆಲಸಗಳು. ಪಠ್ಯವನ್ನು ತೆಳುವಾಗಿಸಿ, ಇಷ್ಟೇ ಇವರಿಗೆ ಸಾಕೆಂದು ನಿರ್ಣಯಿಸುವುದು ಮಾತ್ರ ಹೊಂದಾಣಿಕೆಯಲ್ಲ. ಅದು ಆ ವಿದ್ಯಾರ್ಥಿಯ ವಿಷಯದಲ್ಲಿ ನಮಗೆ ಭರವಸೆಯಿಲ್ಲವೆಂಬುದರ ಒಪ್ಪಿಗೆ. ಹಳ್ಳಿಯ ಶಾಲೆಯನ್ನಷ್ಟೇ ಕಂಡ ಯುವಕನೆದುರಿಗೆ ಗಣಿತದ ಚರಿತ್ರೆಯನ್ನು ಬಿಚ್ಚಿಟ್ಟ ಅಧ್ಯಾಪಕನಿಗೆ ಆ ಭರವಸೆಯಿದ್ದಿತು. ಅದಿಲ್ಲದೆ ಮಾಡುವ ಯಾವ ಮಾರ್ಪಾಡೂ ಶಾಲೆಯ ಗೋಡೆಗೆ ಸುಣ್ಣ ಬಳಿದಂತೆ ಹೊರಗಿನದಾಗಿಯೇ ಉಳಿಯುತ್ತದೆ.